ರೇಷನ್ ಅಂಗಡಿ ಖಾಲಿ ಇದ್ದಾಗ

1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯೊಳಗೆ, ತಾಂಡೂರು ಗುಲಬರ್ಗಾದೊಳಗೆ ಇದ್ದವು. ಗಡಿ ಬದಲಾಯ್ತು, ತಾಟಿನ ಜ್ವಾಳದ ರೊಟ್ಟಿ ಬದಲಾಗಲಿಲ್ಲ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಟ್ಟಿತು. ಹೊಟ್ಟೆ ತುಂಬಿಸಿತು, ಸುಳ್ಳಲ್ಲ. ಆದರೆ ಜ್ವಾಳ ಬಿತ್ತೋದು ಕಮ್ಮಿ ಆಗಿ ಎಷ್ಟೋ ಹೊಲ ಬೀಳುಬಿದ್ದವು. ಅಂಗಡಿಗೆ ಅಕ್ಕಿ ಬರದಿದ್ದ ದಿನ ಮನೆಯ ಗಡಿಗೆನೂ ಖಾಲಿ.

1990ರ ದಶಕದಲ್ಲಿ ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ಬೇರೆ ದಾರಿ ಹಿಡಿದರು. ಅವರಲ್ಲಿ ಬಹಳ ಮಂದಿ ನಮ್ಮ ದಲಿತ ಅವ್ವಂದಿರು. ಬೀಳು ಹೊಲ ಹಸನು ಮಾಡಲು ರೈತರಿಗೆ ಸಾಲ ಕೊಟ್ಟರು. ವಾಪಸ್ ತಗೊಂಡದ್ದು ರೊಕ್ಕ ಅಲ್ಲ, ಜ್ವಾಳ. ಬೇವಿನ ಸೊಪ್ಪು, ಬೂದಿ ಹಾಕಿ ಊರಾಗೇ ಕೂಡಿಟ್ಟರು. ಯಾವ ಮನೆ ಬಡವರದ್ದು ಅಂತ ಊರ ಮುಂದೆಯೇ ಗುರುತಿಸಿ, ಕಾಳು ಮುಗಿದ ತಿಂಗಳುಗಳಲ್ಲಿ ಪೇಟೆಗಿಂತ ಕಮ್ಮಿ ಬೆಲೆಗೆ ಕೊಟ್ಟರು. ಬಂದ ರೊಕ್ಕ ಮತ್ತೆ ನಿಧಿಗೆ.

ತಕ್ಕಡಿ ಹಿಡಿದವರು ಯಾರು ನೋಡ್ರಿ: ಮಂದಿ ಹೊಲದಾಗ ಕೂಲಿ ಮಾಡಿದ ಕೈಗಳೇ. 2019ರಲ್ಲಿ ಈ ಸೊಸೈಟಿಗೆ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿನೂ ಬಂತು. ನಮ್ಮ ಬಿ.ಎ. ಪುಸ್ತಕದಾಗ ಮಾತ್ರ ಒಂದು ಸಾಲೂ ಇಲ್ಲ.