ಗರುಡಫಲದ ಎಣ್ಣೆ ದಾಟಿದ ಪರೀಕ್ಷೆಗಳು

ಯಾವುದೋ ಸೊಪ್ಪಿನ ರಸ, ಯಾವುದೋ ಬೇರಿನ ಕಷಾಯ ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಪ್ರಯೋಗಾಲಯದಲ್ಲಿ ಸಾಬೀತಾಯಿತೆಂಬ ಸುದ್ದಿ ಆಗಾಗ ಓದಲು ಸಿಗುತ್ತದೆ. ಅರಿಶಿನ, ಬೇವು, ತುಳಸಿ, ಬೆಳ್ಳುಳ್ಳಿ ಎಲ್ಲಕ್ಕೂ ಈ ಸರದಿ ಬಂದುಹೋಗಿದೆ. ‘ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತು’ ಎಂದು ಕೆಲವರು ಹೆಮ್ಮೆಪಟ್ಟರೆ, ‘ಗಾಜಿನ ತಟ್ಟೆಯಲ್ಲಿ ಸತ್ತ ಮಾತ್ರಕ್ಕೆ ರೋಗಿಗೇನು ಬಂತು?’ ಎಂದು ಮತ್ತೆ ಕೆಲವರು ಮೂಗು ಮುರಿಯುತ್ತಾರೆ. ಒಂದು ಗಿಡಮೂಲಿಕೆಯನ್ನು ಪರೀಕ್ಷಿಸುವುದೆಂದರೆ ನಿಜಕ್ಕೂ ಏನು ಎಂಬ ಪ್ರಶ್ನೆ ಮಾತ್ರ ಈ ವಾದದಲ್ಲಿ ಹಿಂದೆ ಸರಿಯುತ್ತದೆ. ಇದಕ್ಕೆ ಉತ್ತರ ಬೇಕಿದ್ದರೆ ಕುಷ್ಠರೋಗಕ್ಕೆ ಮದ್ದಾಗಿದ್ದ ಒಂದು ಎಣ್ಣೆಯ ಇತಿಹಾಸವನ್ನು ನೋಡಬೇಕು.

ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ಬೆಳೆಯುವ ಒಂದು ಮರಕ್ಕೆ ಕನ್ನಡದಲ್ಲಿ ಗರುಡಫಲ, ಸುರಂಟಿ ಎಂಬ ಹೆಸರುಗಳಿವೆ. ಗಟ್ಟಿ ಸಿಪ್ಪೆಯ ಗುಂಡನೆಯ ಕಾಯಿ, ಒಳಗೆ ಎಣ್ಣೆಬೀಜಗಳು. ಸುಶ್ರುತ ಸಂಹಿತೆಯು ಪಶ್ಚಿಮ ಸಮುದ್ರದ ದಡದಲ್ಲಿ ಬೆಳೆಯುವ ‘ತುವರಕ’ ಎಂಬ ಮರದ ಬೀಜದೆಣ್ಣೆಯನ್ನು ಕುಷ್ಠಕ್ಕೆ ಔಷಧವೆಂದು ವಿವರಿಸುತ್ತದೆ. ಆ ತುವರಕವೇ ಈ ಗರುಡಫಲ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆಯುರ್ವೇದದಲ್ಲಿ ಕುಷ್ಠವೆಂದರೆ ಒಂದೇ ಕಾಯಿಲೆಯಲ್ಲ, ಹಲವು ಚರ್ಮರೋಗಗಳಿಗೆ ಇರುವ ಒಟ್ಟು ಹೆಸರು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಇದೇ ಕುಲದ ಇನ್ನೊಂದು ಮರದ ಎಣ್ಣೆ ಬಂಗಾಳ ಮತ್ತು ಬರ್ಮಾದಲ್ಲಿ ‘ಚಾಲ್‌ಮೂಗ್ರಾ’ ಎಂಬ ಹೆಸರಿನಲ್ಲಿ ಬಳಕೆಯಲ್ಲಿತ್ತು. ಕಲ್ಕತ್ತೆಯಲ್ಲಿದ್ದ ಬ್ರಿಟಿಷ್ ವೈದ್ಯ ಫ್ರೆಡರಿಕ್ ಮೌಅಟ್ 1854ರಲ್ಲಿ ಅದರ ಬಗ್ಗೆ ಬರೆದ ಮೇಲೆ ಯುರೋಪಿನ ವೈದ್ಯರೂ ಅದನ್ನು ಬಳಸತೊಡಗಿದರು. ಕುಡಿದರೆ ವಾಕರಿಕೆ, ಚುಚ್ಚಿದರೆ ಅಸಾಧ್ಯ ನೋವು. ಆದರೂ ಬೇರೆ ಮದ್ದಿಲ್ಲದ ರೋಗಿಗಳು ಅದನ್ನು ಸಹಿಸಿಕೊಂಡರು.

ಮರ ಯಾವುದು?

ಮೊದಲ ತೊಡಕು ಹುಟ್ಟಿದ್ದು ಹೆಸರಿನಲ್ಲಿ. ಕಲ್ಕತ್ತೆಯ ಪೇಟೆಯಲ್ಲಿ ಸಿಗುತ್ತಿದ್ದ ಬೀಜ ‘ಗೈನೋಕಾರ್ಡಿಯಾ’ ಎಂಬ ಮರದ್ದೆಂದು ಪುಸ್ತಕಗಳಲ್ಲಿ ದಾಖಲಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅದು ತಪ್ಪೆಂದು ತಿಳಿದುಬಂತು. ಲಂಡನ್ನಿನ ವೆಲ್‌ಕಮ್ ರಾಸಾಯನಿಕ ಸಂಶೋಧನಾಲಯದ ಫ್ರೆಡರಿಕ್ ಪವರ್ ಮತ್ತು ಸಂಗಡಿಗರು 1904ರಲ್ಲಿ ನಿಜವಾದ ಚಾಲ್‌ಮೂಗ್ರಾ ಎಣ್ಣೆಯಿಂದ ಚಾಲ್‌ಮೂಗ್ರಿಕ್ ಆಮ್ಲವನ್ನು ಬೇರ್ಪಡಿಸಿದರು. ಮರುವರ್ಷ ನಮ್ಮ ಗರುಡಫಲದ ಎಣ್ಣೆಯಲ್ಲೂ ಅದು ಸಿಕ್ಕಿತು; ಜೊತೆಗೆ ಅದರ ಸೋದರನಂತಿದ್ದ ಹಿಡ್ನೋಕಾರ್ಪಿಕ್ ಆಮ್ಲವೂ ಸಿಕ್ಕಿತು. ಗೈನೋಕಾರ್ಡಿಯಾ ಬೀಜದಲ್ಲಿ ಮಾತ್ರ ಇವು ಇರಲೇ ಇಲ್ಲ. ಹೆಸರು ನಂಬಿ ಆ ಬೀಜವನ್ನೇ ತಂದು ಪರೀಕ್ಷಿಸಿದ್ದರೆ, ಬೇರೆ ಯಾವುದೋ ಮರದ ಫಲಿತಾಂಶ ಈ ಮದ್ದಿನ ತಲೆಗೆ ಬೀಳುತ್ತಿತ್ತು.

ಇಪ್ಪತ್ತಮೂರರ ರಸಾಯನಶಾಸ್ತ್ರಜ್ಞೆ

ಎರಡನೆಯ ತೊಡಕು, ಎಣ್ಣೆ ದೇಹದೊಳಗೆ ಸೇರುವುದು. ಹವಾಯಿ ದ್ವೀಪಗಳಲ್ಲಿ ಆಗ ಕುಷ್ಠರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಮೊಲೊಕಾಯ್ ದ್ವೀಪದ ಕಲಾವುಪಾಪಾಕ್ಕೆ ಸಾಗಿಸಲಾಗುತ್ತಿತ್ತು. ಅಲ್ಲಿನ ವೈದ್ಯ ಹ್ಯಾರಿ ಹಾಲ್‌ಮನ್ ನೆರವು ಕೇಳಿದ್ದು ಆಲಿಸ್ ಬಾಲ್ ಎಂಬ ಆಫ್ರಿಕನ್ ಅಮೆರಿಕನ್ ರಸಾಯನಶಾಸ್ತ್ರಜ್ಞೆಯನ್ನು. 1915ರಲ್ಲಿ ಹವಾಯಿ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೊದಲ ಮಹಿಳೆ ಆಕೆ. ಎಣ್ಣೆಯ ಆಮ್ಲಗಳನ್ನು ಈಥೈಲ್ ಎಸ್ಟರ್ ಎಂಬ ತೆಳು ರೂಪಕ್ಕೆ ತಂದು, ಚುಚ್ಚುಮದ್ದಾಗಿ ಕೊಟ್ಟಾಗ ದೇಹ ಹೀರಿಕೊಳ್ಳುವಂತೆ ಮಾಡುವ ದಾರಿಯನ್ನು ಆಕೆ ಕಂಡುಕೊಂಡಾಗ ವಯಸ್ಸು ಇಪ್ಪತ್ತಮೂರು.

1916ರ ಡಿಸೆಂಬರ್ 31ರಂದು ಆಕೆ ತೀರಿಕೊಂಡರು. ಕೆಲಸ ಮುಂದುವರಿಸಿದ ಕಾಲೇಜಿನ ಅಧ್ಯಕ್ಷ ಆರ್ಥರ್ ಡೀನ್ ಆಕೆಯ ಹೆಸರೆತ್ತದೆ ಫಲಿತಾಂಶ ಪ್ರಕಟಿಸಿದರು. 1922ರಲ್ಲಿ ಹಾಲ್‌ಮನ್ ಅದನ್ನು ‘ಬಾಲ್ ವಿಧಾನ’ ಎಂದು ಕರೆದು ಋಣ ತೀರಿಸಲು ನೋಡಿದರಾದರೂ, ಹವಾಯಿ ವಿಶ್ವವಿದ್ಯಾಲಯ ತನ್ನ ಆವರಣದ ಚಾಲ್‌ಮೂಗ್ರಾ ಮರದ ಬಳಿ ಆಕೆಯ ಸ್ಮರಣಫಲಕ ಇಟ್ಟಿದ್ದು 2000ದಲ್ಲಿ.

ತಟ್ಟೆಯಲ್ಲಿ ಬೆಳೆಯದ ರೋಗಾಣು

ಇನ್ನು ರೋಗಾಣುವಿನ ಮಾತು. ಗಿಡಮೂಲಿಕೆಯ ಸಾಮಾನ್ಯ ಪರೀಕ್ಷೆ ಸರಳವಾದದ್ದು. ನಮ್ಮ ಅಡುಗೆಮನೆಗಳಲ್ಲಿ ಚೈನಾ ಗ್ರಾಸ್ ಎಂದು ಪರಿಚಯವಿರುವ ಅಗರ್ ಅನ್ನು ಪೋಷಕಾಂಶ ಬೆರೆಸಿ ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಮೇಲೆ ಬ್ಯಾಕ್ಟೀರಿಯಾ ಹರಡಿ, ನಡುವೆ ಗಿಡದ ಸಾರ ಇಡುತ್ತಾರೆ. ಒಂದು ದಿನ ಬಿಟ್ಟು ನೋಡಿದಾಗ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಬಳೆ ಕಂಡರೆ ಅದರಲ್ಲಿ ಗುಣವಿದೆ ಎಂದರ್ಥ.

ಆದರೆ ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದ ಕುಷ್ಠದ ಬ್ಯಾಕ್ಟೀರಿಯಾ ಇಂದಿಗೂ ಇಂಥ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ವಾಕರ್ ಮತ್ತು ಸ್ವೀನಿ ಎಂಬ ಸಂಶೋಧಕರು 1920ರಲ್ಲಿ ಅದರ ಬಂಧುವಾದ ಕ್ಷಯದ ಬ್ಯಾಕ್ಟೀರಿಯಾದಂಥವುಗಳ ಮೇಲೆ ಪ್ರಯೋಗಿಸಿದರು. ಎಣ್ಣೆಯ ಆಮ್ಲಗಳು ಆ ಗುಂಪಿನ ಬ್ಯಾಕ್ಟೀರಿಯಾವನ್ನು ತಡೆದವು; ಉಳಿದ ಬ್ಯಾಕ್ಟೀರಿಯಾಗಳ ಮೇಲೆ ಪರಿಣಾಮ ಕಾಣಲಿಲ್ಲ. ಗಾಯ ಕೀವಾಗಿಸುವ ಸಾಮಾನ್ಯ ಬ್ಯಾಕ್ಟೀರಿಯಾದ ಮೇಲಷ್ಟೇ ಪರೀಕ್ಷಿಸಿದ್ದರೆ ‘ಗುಣವಿಲ್ಲ’ ಎಂದು ಷರಾ ಬರೆದು ಮುಗಿಸಬಹುದಿತ್ತು. ಅದೂ ಅಲ್ಲದೆ ಅಗರ್ ನೀರಿನಂಶದ ಪದಾರ್ಥ. ಎಣ್ಣೆ ಅದರಲ್ಲಿ ಸರಿಯಾಗಿ ಹರಡದಿರುವುದರಿಂದ, ಗುಣವಿದ್ದರೂ ಬಳೆ ಕಿರಿದಾಗಿ ಕಾಣಬಹುದು.

ರೋಗಿಗಳಲ್ಲಾದರೂ ಉತ್ತರ ಸಿಕ್ಕಿತೇ? ಚುಚ್ಚುಮದ್ದಿನ ನಂತರ ಹವಾಯಿಯಲ್ಲಿ ಹಲವರು ಮನೆಗೆ ಮರಳಿದ್ದು ನಿಜ. ಕೆಲವರಿಗೆ ರೋಗ ಮರುಕಳಿಸಿದ್ದೂ ನಿಜ. ಕುಷ್ಠ ನಿಧಾನದ ಕಾಯಿಲೆ, ತಾನಾಗಿಯೇ ಏರಿಳಿಯುತ್ತದೆ. ಮದ್ದು ಪಡೆದವರನ್ನು ಪಡೆಯದವರೊಡನೆ ಕಟ್ಟುನಿಟ್ಟಾಗಿ ಹೋಲಿಸದೆ, ಗುಣವಾದದ್ದು ಎಣ್ಣೆಯಿಂದಲೇ ಎನ್ನಲಾಗದು. ಈ ವಾದ ಮುಗಿಯುವ ಮೊದಲೇ 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದವು. ಮದ್ರಾಸಿನ ಸಮೀಪದ ಚೆಂಗಲ್ಪಟ್ಟಿನಲ್ಲಿ ಡಾ. ರಾಬರ್ಟ್ ಕಾಕ್ರೇನ್ ಡ್ಯಾಪ್ಸೋನ್ ಬಳಸತೊಡಗಿದರು. ಎಣ್ಣೆ ಆಸ್ಪತ್ರೆಗಳ ಕಪಾಟಿನಿಂದ ಮರೆಯಾಯಿತು.

ಉತ್ತರ ಬಂದದ್ದು ಆಮೇಲೆ. ಇಲಿಯ ಅಂಗಾಲಿನಲ್ಲಿ ಕುಷ್ಠದ ಬ್ಯಾಕ್ಟೀರಿಯಾ ಬೆಳೆಸುವ ವಿಧಾನವನ್ನು 1960ರಲ್ಲಿ ಚಾರ್ಲ್ಸ್ ಶೆಪರ್ಡ್ ರೂಪಿಸಿದರು. ಅದನ್ನು ಬಳಸಿ 1975ರಲ್ಲಿ ಲೂಯಿ ಲೆವಿ ಪರೀಕ್ಷಿಸಿದಾಗ ಚಾಲ್‌ಮೂಗ್ರಾ ಆಮ್ಲಗಳಿಗೆ ಆ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಇದೆಯೆಂದು ಗೊತ್ತಾಯಿತು. ಹಳಬರ ಅನುಭವ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಡ್ಯಾಪ್ಸೋನ್ ಎದುರು ಎಣ್ಣೆ ನಿಲ್ಲುವಂತಿರಲಿಲ್ಲ.

ಕೊಲ್ಲದೆ ನೆರವಾಗುವ ವಸ್ತು

ಕತೆಗೆ ಇನ್ನೊಂದು ತಿರುವು 2000ದಲ್ಲಿ. ನಮ್ಮ ಮರದರಿಶಿನದಲ್ಲಿ ಬರ್ಬರೀನ್ ಎಂಬ ಹಳದಿ ವಸ್ತುವಿದೆ. ತಟ್ಟೆಯಲ್ಲಿ ಇದರ ಶಕ್ತಿ ಸಾಧಾರಣ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹೊರಚೆಲ್ಲುವಂತೆ ಬ್ಯಾಕ್ಟೀರಿಯಾ ಇದನ್ನು ಪಂಪು ಮಾಡಿ ಹೊರಹಾಕುವುದೇ ಕಾರಣ. ಬರ್ಬರೀನ್ ಇರುವ ಅಮೆರಿಕದ ಬಾರ್ಬೆರಿ ಗಿಡಗಳನ್ನು ಫ್ರಾಂಕ್ ಸ್ಟೆರ್ಮಿಟ್ಜ್, ಕಿಮ್ ಲೂಯಿಸ್ ಮತ್ತು ಸಂಗಡಿಗರು ಶೋಧಿಸಿದಾಗ, ಆ ಪಂಪನ್ನೇ ಕಟ್ಟಿಹಾಕುವ ಇನ್ನೊಂದು ವಸ್ತು ಸಿಕ್ಕಿತು. ಅದು ಒಂಟಿಯಾಗಿ ಯಾವ ರೋಗಾಣುವನ್ನೂ ಕೊಲ್ಲದು. ಜೊತೆಯಲ್ಲಿದ್ದರೆ ಬರ್ಬರೀನ್ ಶಕ್ತಿ ಬಹುಪಾಲು ಹೆಚ್ಚುತ್ತದೆ. ಅದು ಹೊಸ ವಸ್ತುವೂ ಆಗಿರಲಿಲ್ಲ: ಚಾಲ್‌ಮೂಗ್ರಾ ಎಣ್ಣೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಇರುವುದಾಗಿ ಮೊದಲೇ ದಾಖಲಾಗಿತ್ತು. ಬಳೆ ಮೂಡಿಸುವ ವಸ್ತುವನ್ನಷ್ಟೇ ಹುಡುಕುವ ಪರೀಕ್ಷೆಯಲ್ಲಿ ಇಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ತಟ್ಟೆಯ ಬಳೆ ಒಂದು ಆರಂಭ ಮಾತ್ರ. ಪರೀಕ್ಷಿಸಿದ ಗಿಡ ಯಾವುದು, ಯಾವ ರೋಗಾಣುವಿನ ಮೇಲೆ, ಎಷ್ಟು ಪ್ರಮಾಣದಲ್ಲಿ, ದೇಹದೊಳಗೆ ಅಷ್ಟು ತಲುಪೀತೇ, ರೋಗಿಗಳಲ್ಲಿ ಹೋಲಿಸಿ ನೋಡಿದ್ದಾರೆಯೇ ಎಂದು ಕೇಳಿದ ಮೇಲೆಯೇ ಹೆಮ್ಮೆಗಾಗಲಿ ತಿರಸ್ಕಾರಕ್ಕಾಗಲಿ ಎಡೆ.

ಹೀಗೆ ಕೇಳದಿದ್ದರೆ ನಷ್ಟ ರೋಗಿಗೆ. ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತದವರು. ಡ್ಯಾಪ್ಸೋನ್ ಒಂದಕ್ಕೇ ಬ್ಯಾಕ್ಟೀರಿಯಾ ಬಗ್ಗದಂತಾದಾಗ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಮೈಮೇಲೆ ಕಂಡವರು ಎಣ್ಣೆ ಹಚ್ಚಿ ದಿನ ಕಳೆದರೆ ಅಷ್ಟರಲ್ಲಿ ನರಗಳು ಕೆಡುತ್ತವೆ. ಕೆಟ್ಟ ನರವನ್ನು ಯಾವ ಮಾತ್ರೆಯೂ ಮೊದಲಿನಂತೆ ಮಾಡಲಾರದು.