ಟಾಮಿ ಜಾನ್: 288 ಗೆಲುವುಗಳ ತೂಕ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಎಡಗೈ ಪಿಚರ್ ಟಾಮಿ ಜಾನ್ ಆಡಿದ್ದು 26 ಋತು. 1963ರಲ್ಲಿ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಕಣಕ್ಕಿಳಿದ ಅವರು 1989ರಲ್ಲಿ, 46ರ ವಯಸ್ಸಿನಲ್ಲಿ, ನ್ಯೂಯಾರ್ಕ್ ಯಾಂಕೀಸ್ ತಂಡದಿಂದ ನಿವೃತ್ತರಾದರು. ಅವರ ಲೆಕ್ಕದಲ್ಲಿ 288 ಗೆಲುವು, 231 ಸೋಲು ದಾಖಲಾಗಿವೆ. ಆದರೂ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಅವರಿಗೆ ದಕ್ಕಿಲ್ಲ.

1974ರ ಜುಲೈ 17ರಂದು ಮಾಂಟ್ರಿಯಲ್ ಎಕ್ಸ್‌ಪೋಸ್ ವಿರುದ್ಧ ಚೆಂಡೆಸೆಯುವಾಗ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಜಾನ್ ಅವರ ಎಡ ಮೊಣಕೈಯ ಲಿಗಮೆಂಟ್ ಹರಿಯಿತು. ಆವರೆಗೆ ಅಂಥ ಪೆಟ್ಟೆಂದರೆ ಪಿಚರ್‌ನ ಆಟ ಮುಗಿದಂತೆಯೇ. ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಅವರು ಜಾನ್ ಅವರ ಬಲ ಮುಂಗೈಯಿಂದ ಸ್ನಾಯುರಜ್ಜೊಂದನ್ನು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ಕೊರೆದ ರಂಧ್ರಗಳ ಮೂಲಕ ಹೆಣೆದು ಕಟ್ಟಿದರು. ಯಶಸ್ಸಿನ ಸಾಧ್ಯತೆ ನೂರಕ್ಕೆ ಒಂದು ಎಂಬುದು ಜೋಬ್ ಅವರದೇ ಅಂದಾಜು. 1975 ಪೂರ್ತಿ ಕೈಬಿಟ್ಟು ಹೋಯಿತು. ಆದರೆ 288ರಲ್ಲಿ 164 ಗೆಲುವುಗಳು ಬಂದದ್ದು ಇದಾದ ಮೇಲೆ. ಋತುವೊಂದರಲ್ಲಿ 20 ದಾಟಿದ ಅಥವಾ ಮುಟ್ಟಿದ ಮೂರು ಸಾಧನೆಗಳೂ (1977, 1979, 1980) ಹೊಲಿದ ಕೈಯವೇ.

ಹಾಲ್ ಆಫ್ ಫೇಮ್ ಮತದಾರರ ಹಿಂಜರಿಕೆಗೆ ಅವರ ಆಟದ ರೀತಿಯಲ್ಲೇ ಕಾರಣವಿದೆ. ಅವರ ಅಸ್ತ್ರ ಸಿಂಕರ್: ಬ್ಯಾಟರ್‌ನ ಹತ್ತಿರ ಬಂದಾಗ ಸರಕ್ಕನೆ ಕುಸಿಯುವ ಚೆಂಡು. ಬ್ಯಾಟು ಚೆಂಡಿನ ನೆತ್ತಿಗೆ ತಗುಲಿ, ಅದು ನೆಲದ ಮೇಲೆ ಉರುಳಿ ಒಳವಲಯದ ಫೀಲ್ಡರ್ ಕೈ ಸೇರುತ್ತಿತ್ತು. ಹೀಗೆ ಬಂದ ಔಟುಗಳು ಕಣ್ಣಿಗೆ ಹೊಡೆಯುವುದಿಲ್ಲ. 4,710 ಇನ್ನಿಂಗ್ಸ್‌ಗಳಲ್ಲಿ ಸ್ಟ್ರೈಕ್‌ಔಟ್ ಬರೀ 2,245. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಪೈಪೋಟಿಯಲ್ಲಿ ಎರಡು ಸಲ ಎರಡನೆಯ ಸ್ಥಾನಕ್ಕೇ ನಿಂತರು. 300ರ ಗಡಿಗೆ 12 ಗೆಲುವು ಕಡಿಮೆ ಬಿತ್ತು. ಕಳೆದುಹೋದ ಒಂದೂವರೆ ಋತುವಿನಲ್ಲಿ ಅವು ಸಿಗುತ್ತಿದ್ದವು ಎಂಬ ವಾದ ಸಹಜವಾದುದೇ. ಆದರೆ ಆಡದ ಪಂದ್ಯಕ್ಕೆ ಅಂಕ ಕೊಡುವ ಪದ್ಧತಿ ಎಲ್ಲೂ ಇಲ್ಲ. ಅವರ ಪರವಾದ ಗಟ್ಟಿ ವಾದ ಬೇರೆಯದು: ಗುಣಪಡಿಸಿಕೊಂಡ ಕೈಯಿಂದ 14 ಋತು ಎಸೆದು, ಚಿಕಿತ್ಸೆ ಸಾಧ್ಯವೆಂದು ರುಜುವಾತು ಮಾಡಿದ್ದು ಖುದ್ದು ಅವರೇ.

ಬೇಸ್‌ಬಾಲ್ ಬರಹಗಾರರ ಸಂಘದ ಮತಪತ್ರದಲ್ಲಿ 1995ರಿಂದ 2009ರವರೆಗೆ ಅವರ ಹೆಸರಿತ್ತು. ಬೇಕಾದದ್ದು ಶೇ. 75, ಕೊನೆಯ ವರ್ಷ ಬಂದದ್ದು ಶೇ. 31.7, ಅದೇ ಗರಿಷ್ಠ. 2013ರಲ್ಲಿ ಕೂಪರ್ಸ್‌ಟೌನ್ ಸಮಾರಂಭದಲ್ಲಿ ಡಾ. ಜೋಬ್ ಅವರನ್ನು ಗೌರವಿಸಲಾಯಿತು. ಹಳೆಯ ಕಾಲದ ಆಟಗಾರರನ್ನು ಪರಿಶೀಲಿಸುವ ಸಮಿತಿಯ 2024ರ ಡಿಸೆಂಬರ್ ಸಭೆಯಲ್ಲಿ 16 ಮಂದಿಯ ಪೈಕಿ ಜಾನ್ ಪರ ನಿಂತವರು 7. ಆಯ್ಕೆಗೆ 12 ಬೇಕಿತ್ತು. ಈ ಸಮಿತಿ ಸೇರುವುದು ಮೂರು ವರ್ಷಕ್ಕೊಮ್ಮೆ. ಜಾನ್ ಹುಟ್ಟಿದ್ದು 1943ರಲ್ಲಿ.