ಭೂತ ಬಂಗಲೆಗೆ ಜಾಗ ಹುಡುಕುವಾಗ ಭಯಕ್ಕಿಂತ ಬಾಗಿಲು ಮುಖ್ಯ

ಪಾಳುಬಿದ್ದ ಮಹಲು, ಕಿರುಗುಟ್ಟುವ ಬಾಗಿಲು, ಜೇಡರ ಬಲೆ, ಮಬ್ಬು ಬೆಳಕು. ಭೂತ ಬಂಗಲೆ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಇದು. ಹಣ ಕೊಟ್ಟು ಹೆದರಿಸಿಕೊಳ್ಳುವ ಈ ಮನರಂಜನೆ ಅಮೆರಿಕದಲ್ಲಿ ಒಂದು ಉದ್ಯಮವಾಗಿಯೇ ಬೆಳೆದಿದೆ. 1970ರ ದಶಕದಲ್ಲಿ ಜೇಸೀಸ್‌ನಂಥ ಸೇವಾ ಸಂಸ್ಥೆಗಳು ನಿಧಿ ಸಂಗ್ರಹಕ್ಕಾಗಿ ಊರೂರಿನಲ್ಲಿ ಇಂಥ ಮನೆಗಳನ್ನು ನಡೆಸುತ್ತಿದ್ದವು. ಕ್ರಮೇಣ ವೃತ್ತಿಪರರು ಈ ಕ್ಷೇತ್ರಕ್ಕೆ ಕಾಲಿಟ್ಟರು. ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮುಂಚಿನ ಐದಾರು ವಾರಗಳೇ ಇವರ ಪಾಲಿಗೆ ಸುಗ್ಗಿಯ ಕಾಲ.

ಈ ಉದ್ಯಮಕ್ಕೆ ಇಳಿಯುವವರು ವೇಷಭೂಷಣ, ಮುಖವಾಡ, ಧ್ವನಿ ವ್ಯವಸ್ಥೆಗಳ ಬಗ್ಗೆ ಮೊದಲು ಯೋಚಿಸುವುದು ಸಹಜ. ಆದರೆ ಲಾಭ ನಷ್ಟಗಳನ್ನೂ, ಅದಕ್ಕಿಂತ ಮಿಗಿಲಾಗಿ ಒಳಗೆ ಹೋದವರ ಪ್ರಾಣವನ್ನೂ ನಿರ್ಧರಿಸುವುದು ಆಯ್ದುಕೊಂಡ ಜಾಗ. ನೋಡಲು ಭಯ ಹುಟ್ಟಿಸುವ ಕಟ್ಟಡವೇ ಉತ್ತಮ ಕಟ್ಟಡ ಎಂಬ ನಂಬಿಕೆ ತಪ್ಪು. ಭಯವನ್ನು ಹಲಗೆ, ಬಣ್ಣ, ಬೆಳಕಿನಿಂದ ಎಲ್ಲಿಯಾದರೂ ಕಟ್ಟಬಹುದು. ಹೊರಬರುವ ದಾರಿಯನ್ನು ಹಾಗೆ ಸುಲಭವಾಗಿ ಕಟ್ಟಲಾಗದು.

1984ರ ಪಾಠ

ನ್ಯೂಜೆರ್ಸಿ ರಾಜ್ಯದ ಜಾಕ್ಸನ್ ಪಟ್ಟಣದಲ್ಲಿರುವ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದಲ್ಲಿ 'ಹಾಂಟೆಡ್ ಕ್ಯಾಸಲ್' ಎಂಬ ಭೂತ ಬಂಗಲೆ ಇತ್ತು. ಹೊರಗಿನಿಂದ ಅದು ಕೋಟೆಯಂತೆ ಕಾಣುತ್ತಿತ್ತು. ಒಳಗಿದ್ದುದು ಒಂದಕ್ಕೊಂದು ಜೋಡಿಸಿದ ಲಾರಿ ಟ್ರೇಲರ್‌ಗಳು. 1984ರ ಮೇ 11ರ ಸಂಜೆ ಅಲ್ಲಿ ಬೆಂಕಿ ಹೊತ್ತಿಕೊಂಡು ಎಂಟು ಮಂದಿ ಹದಿಹರೆಯದವರು ಅಸುನೀಗಿದರು. ಕತ್ತಲಲ್ಲಿ ದಾರಿ ಕಾಣಲೆಂದು ಹೊತ್ತಿಸಿದ ಸಿಗರೇಟ್ ಲೈಟರ್‌ನ ಕಿಡಿ ಗೋಡೆಗೆ ಹಾಕಿದ್ದ ಫೋಮ್‌ಗೆ ತಗುಲಿತು ಎಂಬುದು ತನಿಖೆಯಿಂದ ಮೂಡಿಬಂದ ಅಭಿಪ್ರಾಯ.

ಅಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ, ಹೊಗೆ ಪತ್ತೆ ಮಾಡುವ ಸಾಧನವೂ ಇರಲಿಲ್ಲ. ಟ್ರೇಲರ್‌ಗಳಿಂದ ಮಾಡಿದ್ದರಿಂದ ಅದನ್ನು 'ತಾತ್ಕಾಲಿಕ' ಎಂದು ಪರಿಗಣಿಸಲಾಗಿತ್ತು. ಕಾಯಂ ಕಟ್ಟಡಕ್ಕೆ ಅನ್ವಯಿಸುವ ನಿಯಮಗಳಿಂದ ಅದು ಹೊರಗುಳಿದದ್ದು ಹೀಗೆ. ಸಂಸ್ಥೆಯ ವಿರುದ್ಧ ಕ್ರಿಮಿನಲ್ ಮೊಕದ್ದಮೆ ನಡೆದು, 1985ರಲ್ಲಿ ಜ್ಯೂರಿಯು ದೋಷಮುಕ್ತಿಯ ತೀರ್ಪು ನೀಡಿತು. ಆದರೆ ಆ ದುರಂತದ ನಂತರ ಭೂತ ಬಂಗಲೆಗಳ ಕುರಿತ ಅಮೆರಿಕದ ನಿಯಮಗಳು ಮೊದಲಿನಂತೆ ಉಳಿಯಲಿಲ್ಲ.

ಮೊದಲ ಪ್ರಶ್ನೆ: ಹೊರಬರುವುದು ಹೇಗೆ?

ಅಮೆರಿಕದ ಬಹುತೇಕ ರಾಜ್ಯಗಳು ಆಧಾರವಾಗಿಟ್ಟುಕೊಳ್ಳುವ ಕಟ್ಟಡ ಸಂಹಿತೆಯಲ್ಲಿ ಇಂಥ ಮನರಂಜನಾ ಕಟ್ಟಡಗಳಿಗೆ ಪ್ರತ್ಯೇಕ ವಿಧಿಗಳಿವೆ. ಹೊರಹೋಗುವ ದಾರಿ ಸುಲಭವಾಗಿ ಕಾಣದಂತೆ, ಬೇಕೆಂದೇ ಗೊಂದಲ ಹುಟ್ಟಿಸುವಂತೆ ರೂಪಿಸಿದ ಜಾಗಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯ. ತಾತ್ಕಾಲಿಕವಾದ, 1,000 ಚದರ ಅಡಿಗಿಂತ ಕಡಿಮೆ ವಿಸ್ತೀರ್ಣದ, ಯಾವ ಮೂಲೆಯಿಂದಲೂ 50 ಅಡಿಯೊಳಗೆ ಹೊರಬಾಗಿಲು ಸಿಗುವ ಕಟ್ಟಡಕ್ಕೆ ಮಾತ್ರ ವಿನಾಯಿತಿ ಇದೆ. ಹೊಗೆ ಅಥವಾ ಬೆಂಕಿ ಪತ್ತೆಯಾದ ಕೂಡಲೇ ಭಯಾನಕ ಸದ್ದು ಮತ್ತು ದೃಶ್ಯಗಳು ನಿಂತು, ನಿರ್ಗಮನ ಮಾರ್ಗದ ದೀಪಗಳು ಬೆಳಗಬೇಕು. ಗೋಡೆಗೆ ಬಳಸುವ ವಸ್ತುಗಳು ಸುಲಭವಾಗಿ ಬೆಂಕಿ ಹರಡದಂಥವಾಗಿರಬೇಕು.

ಈ ಕಾರಣದಿಂದಲೇ ಸ್ಪ್ರಿಂಕ್ಲರ್ ಈಗಾಗಲೇ ಅಳವಡಿಸಿರುವ ಕಟ್ಟಡವನ್ನು ಅನುಭವಿ ಉದ್ಯಮಿಗಳು ಮೊದಲು ಹುಡುಕುತ್ತಾರೆ. ಹಳೆಯ ಕಟ್ಟಡಕ್ಕೆ ಹೊಸದಾಗಿ ಕೊಳವೆ ಹಾಕಿಸುವುದು, ಸಾಕಷ್ಟು ಒತ್ತಡದ ನೀರಿನ ಸಂಪರ್ಕ ಪಡೆಯುವುದು ದುಬಾರಿ. ಕಡಿಮೆ ಬಾಡಿಗೆಗೆ ಮರುಳಾಗಿ ಕರಾರಿಗೆ ಸಹಿ ಹಾಕಿದವರು ಉಳಿಸಿದ ಹಣದ ಹಲವು ಪಟ್ಟನ್ನು ಇಲ್ಲಿ ಸುರಿಯಬೇಕಾದೀತು.

ಕಟ್ಟಡದ 'ಬಳಕೆ' ಬದಲಾಗುವುದು ಮತ್ತೊಂದು ತೊಡಕು. ಗೋದಾಮಾಗಿ ಅನುಮತಿ ಪಡೆದ ಕಟ್ಟಡದಲ್ಲಿ ನೂರಾರು ಜನರನ್ನು ಸೇರಿಸಿದರೆ ಅದು ಸಭಾಂಗಣದ ವರ್ಗಕ್ಕೆ ಬದಲಾಗುತ್ತದೆ. ಆಗ ಬಾಗಿಲುಗಳ ಸಂಖ್ಯೆ, ಅಗಲ, ಶೌಚಾಲಯ, ಗಾಲಿಕುರ್ಚಿ ಬಳಸುವವರ ಪ್ರವೇಶ ಎಲ್ಲವನ್ನೂ ಮರುಪರಿಶೀಲಿಸಲಾಗುತ್ತದೆ. ಕರಾರಿಗೆ ಮುನ್ನವೇ ಸ್ಥಳೀಯ ಅಗ್ನಿಶಾಮಕ ಅಧಿಕಾರಿಯನ್ನು ಕರೆತಂದು ಜಾಗ ತೋರಿಸುವುದು ಜಾಣತನ. ಸಹಿ ಹಾಕಿದ ಮೇಲೆ ಅವರು ಬಂದರೆ ಉಳಿಯುವುದು ಪಶ್ಚಾತ್ತಾಪ ಮಾತ್ರ.

ಜಾಗಗಳ ನಾಲ್ಕು ಬಗೆ

ಹಳೆಯ ಕೈಗಾರಿಕಾ ಪ್ರದೇಶ: ಮಿಸ್ಸೌರಿ ರಾಜ್ಯದ ಕಾನ್ಸಾಸ್ ಸಿಟಿಯ ವೆಸ್ಟ್ ಬಾಟಮ್ಸ್ ಇದಕ್ಕೆ ಉತ್ತಮ ನಿದರ್ಶನ. ಇಟ್ಟಿಗೆಯ ಹಳೆಯ ಗೋದಾಮುಗಳ ಈ ಪ್ರದೇಶದಲ್ಲಿ 'ದಿ ಎಡ್ಜ್ ಆಫ್ ಹೆಲ್' 1975ರಲ್ಲಿ ಆರಂಭವಾಯಿತು. ಇಂಥ ಕಡೆ ರಾತ್ರಿ ವೇಳೆ ವಾಸಿಸುವವರು ಕಡಿಮೆಯಾದ್ದರಿಂದ ಚೀತ್ಕಾರಗಳ ಬಗ್ಗೆ ದೂರುವವರೂ ಕಡಿಮೆ. ಆದರೆ ಬಹುಮಹಡಿ ಕಟ್ಟಡವಾದರೆ ಮೇಲಿನಿಂದ ಜನರನ್ನು ಇಳಿಸುವ ಮೆಟ್ಟಿಲುಗಳ ಪ್ರಶ್ನೆ ಏಳುತ್ತದೆ.

ಖಾಲಿ ಬಿದ್ದ ದೊಡ್ಡ ಅಂಗಡಿ: ಮಾಲ್ ಅಥವಾ ವಾಣಿಜ್ಯ ಸಂಕೀರ್ಣಗಳಲ್ಲಿ ಮುಚ್ಚಿಹೋದ ಮಳಿಗೆಗಳು ನೋಡಲು ನೀರಸ. ಆದರೆ ಒಂದೇ ಅಂತಸ್ತು, ಸಮತಟ್ಟಾದ ನೆಲ, ಎತ್ತರದ ಚಾವಣಿ, ವಿಶಾಲವಾದ ವಾಹನ ನಿಲುಗಡೆ, ಹಲವು ಬಾಗಿಲುಗಳು, ಅನೇಕ ವೇಳೆ ಸ್ಪ್ರಿಂಕ್ಲರ್ ಸಹ ಸಿದ್ಧವಾಗಿ ಸಿಗುತ್ತವೆ. ಕಾಯಂ ಬಾಡಿಗೆದಾರ ಸಿಕ್ಕಿದೊಡನೆ ಮಾಲೀಕ ಜಾಗ ಬಿಡಿಸಬಹುದು ಎಂಬುದೇ ದೊಡ್ಡ ಅಪಾಯ.

ತೋಟ ಮತ್ತು ಹೊಲ: ಪೆನ್ಸಿಲ್ವೇನಿಯಾದ ಗ್ಲೆನ್ ಮಿಲ್ಸ್ ಬಳಿಯ ಅರಸಾಫಾ ಫಾರ್ಮ್‌ನಲ್ಲಿರುವ 'ಬೇಟ್ಸ್ ಮೋಟೆಲ್' ಈ ಬಗೆಯದು. ಹುಲ್ಲಿನ ಬಂಡಿಯ ಸವಾರಿ ಹಾಗೂ ಮೆಕ್ಕೆಜೋಳದ ಹೊಲದ ಚಕ್ರವ್ಯೂಹ ಇಂಥ ಜಾಗಗಳ ಆಕರ್ಷಣೆ. ಕತ್ತಲು ಪುಕ್ಕಟೆ ಸಿಗುತ್ತದೆ. ಆದರೆ ಮಳೆ ಬಂದರೆ ಕಾರುಗಳು ಕೆಸರಿನಲ್ಲಿ ಹೂತು ಆ ರಾತ್ರಿಯ ಗಳಿಕೆ ಕೈತಪ್ಪುತ್ತದೆ. ಅಗ್ನಿಶಾಮಕ ವಾಹನ ಸಾಗುವಷ್ಟು ರಸ್ತೆ ಅಗಲವಾಗಿದೆಯೇ ಎಂಬುದನ್ನು ಮೊದಲೇ ಅಳೆಯಬೇಕು.

ಐತಿಹಾಸಿಕ ಕಟ್ಟಡ: ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಕಾರಾಗೃಹ 1829ರಲ್ಲಿ ಆರಂಭವಾಗಿ 1971ರಲ್ಲಿ ಮುಚ್ಚಿತು. ಕುಖ್ಯಾತ ಪಾತಕಿ ಅಲ್ ಕಪೋನ್ ಸೆರೆಯಲ್ಲಿದ್ದ ಜಾಗ ಇದು. 1991ರಿಂದ ಇಲ್ಲಿ ಹ್ಯಾಲೋವೀನ್ ಕಾರ್ಯಕ್ರಮ ನಡೆಯುತ್ತಿದ್ದು, ಅದರ ಆದಾಯ ಸ್ಮಾರಕದ ಸಂರಕ್ಷಣೆಗೆ ನೆರವಾಗಿದೆ. 2021ರಲ್ಲಿ ಕಾರ್ಯಕ್ರಮಕ್ಕೆ 'ಹ್ಯಾಲೋವೀನ್ ನೈಟ್ಸ್' ಎಂಬ ಹೊಸ ಹೆಸರಿಡಲಾಯಿತು. ಖಾಸಗಿ ಉದ್ಯಮಿಗೆ ಇಂಥ ಜಾಗ ಸಿಗುವುದು ವಿರಳ. ಸಿಕ್ಕರೂ ಗೋಡೆಗೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕಾದೀತು.

ಕಾರುಗಳ ಲೆಕ್ಕ, ಬಾಡಿಗೆಯ ಲೆಕ್ಕ

ಭೂತ ಬಂಗಲೆಯೊಳಗೆ ಜನರನ್ನು ಸಣ್ಣ ತಂಡಗಳಾಗಿ ಬಿಡಲಾಗುತ್ತದೆ. ಉದಾಹರಣೆಗೆ, 45 ಸೆಕೆಂಡಿಗೊಮ್ಮೆ ಆರು ಮಂದಿಯಂತೆ ಬಿಟ್ಟರೆ ಗಂಟೆಗೆ 80 ತಂಡ, ಅಂದರೆ 480 ಮಂದಿ. ಒಂದು ಕಾರಿನಲ್ಲಿ ಮೂವರು ಬಂದರೆ ಗಂಟೆಗೆ 160 ಕಾರು. ಸರದಿಯಲ್ಲಿ ನಿಂತು, ಒಳಹೊಕ್ಕು, ಹೊರಬರುವ ಹೊತ್ತಿಗೆ ಎರಡು ಗಂಟೆಯಾಗುವುದಾದರೆ 320 ಕಾರುಗಳಿಗೆ ಏಕಕಾಲಕ್ಕೆ ಜಾಗ ಬೇಕು. ಅಷ್ಟು ಜಾಗವಿಲ್ಲದಿದ್ದರೆ ಕಾರುಗಳು ಪಕ್ಕದ ಬಡಾವಣೆಯ ರಸ್ತೆಗಳಲ್ಲಿ ನಿಲ್ಲುತ್ತವೆ, ನೆರೆಯವರ ಸಹನೆ ಮೊದಲ ವಾರವೇ ಮುಗಿಯುತ್ತದೆ.

ಬಾಡಿಗೆಯದೂ ಇಂಥದ್ದೇ ಲೆಕ್ಕ. ವರ್ಷದಲ್ಲಿ ಪ್ರದರ್ಶನ ನಡೆಯುವುದು 25 ರಾತ್ರಿ, ಬಾಡಿಗೆ ತೆರಬೇಕಾದುದು 12 ತಿಂಗಳು ಎಂದುಕೊಳ್ಳೋಣ. ತಿಂಗಳ ಬಾಡಿಗೆ 10,000 ಡಾಲರ್ ಇದ್ದರೆ ಪ್ರತಿ ರಾತ್ರಿ 4,800 ಡಾಲರ್ ಬಾಡಿಗೆಗೇ ಹೋಗುತ್ತದೆ. 30 ಡಾಲರ್ ಟಿಕೆಟ್ ಇಟ್ಟರೆ ಮೊದಲ 160 ಪ್ರೇಕ್ಷಕರ ಹಣ ಮಾಲೀಕನ ಪಾಲು. ಕೆಲವೇ ತಿಂಗಳ ಕರಾರು ಅಗ್ಗ. ಆದರೆ ಪ್ರತಿವರ್ಷ ಎಲ್ಲವನ್ನೂ ಕಟ್ಟಿ, ಕಳಚಿ, ಸಾಗಿಸುವ ಖರ್ಚು ಮತ್ತು 'ಮುಂದಿನ ವರ್ಷ ಎಲ್ಲಿ?' ಎಂಬ ಚಿಂತೆ ಜೊತೆಗೆ ಬರುತ್ತದೆ.

ನೆರೆಹೊರೆಯ ಒಪ್ಪಿಗೆ

ಅನೇಕ ಪಟ್ಟಣಗಳಲ್ಲಿ ಇಂಥ ಉದ್ಯಮಕ್ಕೆ ವಿಶೇಷ ಬಳಕೆಯ ಪರವಾನಗಿ ಬೇಕು. ಅದಕ್ಕಾಗಿ ಸಾರ್ವಜನಿಕ ವಿಚಾರಣೆ ನಡೆಯುತ್ತದೆ, ನಿವಾಸಿಗಳು ಆಕ್ಷೇಪ ಸಲ್ಲಿಸಬಹುದು. ಗರಗಸದ ಸದ್ದು, ತಡರಾತ್ರಿಯ ಸಂಚಾರ, ಕಸ ಇವು ಸಾಮಾನ್ಯ ಆಕ್ಷೇಪಗಳು. ಸಮೀಪದಲ್ಲಿ ಮನೆ, ಆಸ್ಪತ್ರೆ ಅಥವಾ ಪ್ರಾರ್ಥನಾ ಮಂದಿರ ಇದ್ದರೆ ಜಾಗವನ್ನೇ ಕೈಬಿಡುವುದು ಲೇಸು. ಹೆದ್ದಾರಿಗೆ ಹತ್ತಿರವಿದ್ದು ವಸತಿಗೆ ದೂರವಿರುವ ಜಾಗವೇ ಈ ಉದ್ಯಮಕ್ಕೆ ಹೇಳಿ ಮಾಡಿಸಿದ್ದು.

ನಮ್ಮಲ್ಲಿಯೂ ಮರೆಯಬಾರದ ಮಾತು

ಭೂತ ಬಂಗಲೆ ಅಮೆರಿಕದ ಸರಕಾದರೂ 'ತಾತ್ಕಾಲಿಕ' ಎಂಬ ನೆಪ ಎಲ್ಲ ದೇಶಗಳಲ್ಲೂ ಇದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2024ರ ಮೇ 25ರಂದು ಗುಜರಾತಿನ ರಾಜಕೋಟ್‌ನಲ್ಲಿ ಹೊತ್ತಿ ಉರಿದ ಗೇಮ್ ಜೋನ್ ಕೂಡ ತಗಡಿನ ತಾತ್ಕಾಲಿಕ ಕಟ್ಟಡವೇ ಆಗಿತ್ತು. ಅದಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಲಿಲ್ಲ.

ಭಾರತದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲಾಗಿದ್ದು, ಜನ ಸೇರುವ ಕಟ್ಟಡಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತದೆ. ಮಾಲ್‌ಗಳಲ್ಲಾಗಲಿ, ವಸ್ತುಪ್ರದರ್ಶನದ ಮೈದಾನದಲ್ಲಾಗಲಿ ಭೂತ ಬಂಗಲೆ ತೆರೆಯಬಯಸುವವರು ಬಾಡಿಗೆಯ ಮಾತಿಗೆ ಮುನ್ನ ಈ ಭಾಗವನ್ನು ಓದುವುದು ಒಳಿತು.

ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

* ದೀಪ ಆರಿ ಹೊಗೆ ತುಂಬಿದರೆ, ಒಳಗಿರುವ ಮಗು ಯಾವ ಬಾಗಿಲಿನಿಂದ ಹೊರಬರುತ್ತದೆ?
* ಸ್ಪ್ರಿಂಕ್ಲರ್ ಇದೆಯೇ? ಇದ್ದರೆ ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ?
* ಜನ ಸೇರುವ ಕಟ್ಟಡವಾಗಿ ಬಳಸಲು ಲಿಖಿತ ಅನುಮತಿ ಸಿಗುತ್ತದೆಯೇ?
* ಅಗ್ನಿಶಾಮಕ ವಾಹನ ಕಟ್ಟಡದ ಬಳಿಗೆ ತಲುಪುತ್ತದೆಯೇ, ನಿಂತ ಕಾರುಗಳು ಅಡ್ಡಿಯಾಗುವುದಿಲ್ಲವೇ?
* ಅನುಮತಿ ಸಿಗದಿದ್ದರೆ ಕರಾರು ರದ್ದಾಗುವ ಷರತ್ತು ಇದೆಯೇ?

ಮೊದಲ ಪ್ರಶ್ನೆಗೆ ಉತ್ತರ ಸಿಗದ ಜಾಗದಲ್ಲಿ ಉಳಿದ ಪ್ರಶ್ನೆಗಳನ್ನು ಕೇಳುವ ಅಗತ್ಯವೇ ಇಲ್ಲ. ಭೂತ ಬಂಗಲೆಯ ಯಶಸ್ಸು ಇರುವುದು ಒಳಗೆ ಹೋದವರೆಲ್ಲ ನಗುತ್ತ ಹೊರಬರುವುದರಲ್ಲಿ.